ಮೀನು ಹಿಡಿಯದ ದೋಣಿ

ಹಂಗಾರಕಟ್ಟೆಯ ನಮ್ಮ ಶೆಡ್ಡಿನಲ್ಲಿ
ಒಂದೂವರೆ ವರ್ಷ ಮಲಗಿತ್ತು ಅದು,
ಬಿಳಿ, ಬರೀ ಬಿಳಿ, ಅರವತ್ತೆರಡು ಅಡಿ.
ರಿಪೇರಿಗೆ ಬಂದ ಟ್ರಾಲ್ ಬೋಟುಗಳು
ಮದುವೆಮನೆಗೆ ಕೆಲಸದ ಬಟ್ಟೆಯಲ್ಲೇ ಬಂದ ನೆಂಟರ ಹಾಗೆ
ತುಸು ದೂರ ನಿಂತಿದ್ದವು.

ನಕ್ಷೆ ಇಟಲಿಯದು.
ಅಲ್ಲಿಯೂ ಒಂದೇ ಮನೆಯವರು ಕಟ್ಟುವುದಂತೆ,
ಅಪ್ಪ, ಮಕ್ಕಳು, ಒಬ್ಬ ಅಳಿಯ.
ಪ್ರತಿ ಹಾಳೆಯ ಮೂಲೆಗೆ ನಾಲ್ಕು ಸಹಿ.
ನಾಲ್ಕನೆಯದು ನಡುಗಿತ್ತು.
'ಈ ಕೈಯವ್ರ್ ಹೇಳದ್ದ್ ಮಾತ್ರ ಕೇಂಬ' ಎಂದ ಅಪ್ಪ,
ಮಿಲಿಮೀಟರನ್ನು ಅಂಗುಲಕ್ಕೆ,
ಅಂಗುಲವನ್ನು ತನ್ನ ಹೆಬ್ಬೆರಳಿಗೆ ಇಳಿಸುತ್ತ.

ನಾನು ಲೆಕ್ಕ ಬರೆಯುವವಳು.
ರೆಸಿನ್ ಎಷ್ಟು ಡ್ರಮ್ಮು, ತೇಗ ಎಷ್ಟು ಹಲಗೆ,
ಯಾವ ಶನಿವಾರ ಯಾರು ಮುಂಗಡ ಕೇಳಿದರು.
ಶೀನ ದೊಡ್ಡಪ್ಪ ಈ ಬೋಟಿಗೂ
ಐಸು-ಮೀನಿನ ಉಗ್ರಾಣಕ್ಕೆ ಸೀಮೆಸುಣ್ಣದ ಗೆರೆ ಹಾಕಿದ್ದು,
ಹಾಕಿ ನಾಲಿಗೆ ಕಚ್ಚಿಕೊಂಡು ಅಳಿಸಿದ್ದು
ನನ್ನ ಪುಸ್ತಕದಲ್ಲಿಲ್ಲ.
ಅಲ್ಲೀಗ ಸ್ನಾನದ ತೊಟ್ಟಿ:
ಉಪ್ಪುನೀರಿನ ಮೇಲೆ ತೇಲುವ ಸಿಹಿನೀರು!

ಸಾಹುಕಾರರು ತಿಂಗಳಿಗೊಮ್ಮೆ ಬಂದು
ಮೊದಲು ಮೂಸುತ್ತಿದ್ದರು, ಆಮೇಲೆ ನೋಡುತ್ತಿದ್ದರು.
ಮೀನಿನ ವಾಸನೆ ಬರಬಾರದು, ಅಷ್ಟೇ.
ಗುಂಡು ಚಿಕ್ಕಪ್ಪ ಊಟದ ಮೇಲೆ
ಲಿಂಬೆಸಿಪ್ಪೆಯಲ್ಲಿ ಕೈ ತಿಕ್ಕಿಕೊಂಡೇ ಏಣಿ ಹತ್ತುವನು,
ಗರ್ಭಗುಡಿಗೆ ಹೋಗುವವನಂತೆ.

ನಮ್ಮ ಕಟ್ಟೆಯಲ್ಲೊಂದು ಮಾತಿದೆ:
ಹೆಂಗಸು ಹತ್ತಿದ ದೋಣಿಗೆ ಬಂಗುಡೆ ಮುಖ ತೋರಿಸದು.
ಯಾರು ಹೇಳಿದ್ದೋ.
ಬಚ್ಚ ಮರಕಾಲನ ಕಾಲಕ್ಕೇ ಅದು ಹಳತು.
ಅವನ ಹೆಂಡತಿ, ನನ್ನಜ್ಜಿ ಬೆಳ್ಳಿ,
ಕತ್ತದ ಹುರಿ ಹೊಸೆದು ಹಲಗೆಯ ಸಂದಿಗೆ ತುಂಬಿದವಳು,
ಕಾದ ಮೀನೆಣ್ಣೆಗೆ ಎರಡು ಉಗುರು ಕೊಟ್ಟವಳು,
ನೂರಾರು ದೋಣಿಗಳ ಹೊರಹೊಟ್ಟೆ ಬಲ್ಲವಳು,
ಒಂದರ ಒಳಗೂ ಕಾಲಿಟ್ಟವಳಲ್ಲ.
ಹೊಳೆ ದಾಟಲು ಬಾರ್ಜು ಸರಿ.
ಅದು ಸರಕಾರದ್ದು.

ನಾಳೆ ಒಪ್ಪಿಸಬೇಕು ಎನ್ನುವ ಸಂಜೆ
ಹೊಳೆಗಿಳಿದು ಇಂಜಿನು ಬೆಚ್ಚಗಾಗುತ್ತಿರುವಾಗ
ವೀಳ್ಯದೆಲೆ ಮಡಚುತ್ತ, ಯಾರನ್ನೂ ನೋಡದೆ ಕೇಳಿದಳು:
'ಇದ್ ಮೀನ್ ಹಿಡಿತಿಲ್ಯಲೇ?'
'ಇಲ್ಲೆ.'
'ಹಂಗಾರೆ ಇದ್ಕ್ ಎಂತ ಮೈಲ್ಗಿ?'

ಅಪ್ಪನ ಕೈಯ ಹಗ್ಗ ನಿಂತಲ್ಲೇ ನಿಂತಿತು.
ಐವತ್ತೆಂಟು ವರ್ಷಕ್ಕೆ
ಇಷ್ಟು ಸಣ್ಣ ಪ್ರಶ್ನೆ.

ಹತ್ತಿದಳು. ಚಪ್ಪಲಿ ದಡದಲ್ಲಿ, ಸೆರಗು ಹಲ್ಲಿನಲ್ಲಿ.
ಬಿಳಿ ಸೋಫಾ ಬೇಡವೆಂದು
ತೇಗದ ನೆಲದ ಮೇಲೆ ಕುಳಿತು
ಸಂದುಗಳನ್ನು ಅಂಗೈಯಿಂದ ಸವರಿದಳು,
ಒಳಗಿನಿಂದ.
ಆಮೇಲೆ ಒಂದೊಂದೇ ಬಾಗಿಲು ತೆಗೆದು ಇಣುಕಿ
ಕಕ್ಕಸಿನೆದುರು ಸೊಂಟ ಹಿಡಿದು ನಕ್ಕಳು:
'ಇದೊಂದ್ ಇರ್ಲಿಲ್ಲೆ ಕಾಣ್ ಅವ್ರ್ ದೋಣಿಯಂಗೆ.
ಅದ್ಕೇ ನಮ್ಮನ್ನ್ ಹತ್ತ್ಸ್ಲಿಲ್ಲೆ.
ಬಂಗ್ಡಿಗ್ ಎಂತ ಗೊತ್ತಿತ್ತ್!'

ಸೀತೆಯೂ ಸ್ವರ್ಣೆಯೂ ಕೂಡಿ ಕಡಲಿಗೆ ಬೀಳುವಲ್ಲಿ
ಅಲೆ ಎರಡು ಸಲ ಎತ್ತಿ ನೋಡಿತು.
ಕೋಡಿ ಬೆಂಗ್ರೆಯ ದೀಪಗಳು ಹಿಂದೆ ಸರಿದವು.
ಅಜ್ಜಿ ಕಟಕಟೆ ಹಿಡಿದು ನಿಂತೇ ಇದ್ದಳು.
ಏನೋ ಹೇಳುವಳೆಂದು ಕಾದೆವು.
'ಬರೀ ನೀರ್' ಎಂದಳು ಕೊನೆಗೆ,
ಸ್ವಲ್ಪ ಸಿಟ್ಟಿನಲ್ಲಿ,
ಯಾರೋ ಇಷ್ಟು ದಿನ ಮೋಸ ಮಾಡಿದ ಹಾಗೆ.
ಹಿಂತಿರುಗುವಾಗ ಮಾತಿಲ್ಲ.

ಬೆಳಿಗ್ಗೆ ಇಟಲಿಗೆ ಕಳಿಸುವ ಹಾಳೆಗೆ ಸಹಿ.
ಕಟ್ಟಿದವರು ಎಂಬಲ್ಲಿ ನಾಲ್ಕು ಗೆರೆ.
ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮುಗಿಸಿ
ಮೂವರೂ ಹಿತ್ತಿಲ ಕಡೆ ನೋಡಿದರು.
ಅಜ್ಜಿ ಬೈಗೆ ಮೀನು ಕೊಯ್ಯುತ್ತಿದ್ದಳು,
ಮೊಣಕೈವರೆಗೆ ಹುರುಪೆ.
'ತಡಿ, ಕೈ ತೊಳ್ಕಂಬತ್ತೆ.'
ಸಾಹುಕಾರರ ಕಾರು ಆಗಲೇ ತಿರುವಿನಲ್ಲಿ ಹಾರನ್ ಹಾಕಿತು.
ಪೆನ್ನಿನ ಮುಚ್ಚಳ ತೆಗೆದು ಹಿಡಿದು
ಅಪ್ಪ ಅಂದ,
'ತೊಳುದ್ ಬ್ಯಾಡ. ಹಾಂಗೇ ಬಾ.'